ಕಂಬಳಿಗೆ ಕೊಟ್ಟ ಮಣ್ಣು

ನಮ್ಮ ಮನೆಯಲ್ಲಿ ಕಂಬಳಿ ದಾಟುವಂತಿಲ್ಲ. ಹಾಸಿದ್ದರೆ ಸುತ್ತು ಹಾಕಿ ಹೋಗಬೇಕು. ತಪ್ಪಿ ಕಾಲು ತಗುಲಿದರೆ ಬಗ್ಗಿ ಕಂಬಳಿ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ನಾವು ಹಾಲುಮತದವರು, ಕುರಿಯವರು. ನಮ್ಮ ದೇವರು ಬೀರಪ್ಪನನ್ನು ಕೂರಿಸುವುದು ಕಂಬಳಿಯ ಮೇಲೆ. ಮದುಮಕ್ಕಳನ್ನು ಕೂರಿಸುವುದೂ ಅದರ ಮೇಲೆಯೇ.

ನಾನು ಮೊರಬಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ನೀರಿನ ಕೊಡ ಹೊತ್ತುಕೊಂಡು ಕಂಬಳಿ ದಾಟಿಬಿಟ್ಟೆ. ಅತ್ತೆ ಮೈಲಾರವ್ವ ಕೊಡ ಇಳಿಸುವವರೆಗೂ ಕಾಯಲಿಲ್ಲ.

"ಯಾಕಬೇ, ನಿಮ್ಮ ಯರಗುಪ್ಪ್ಯಾಗ ದೇವರ ತಲಿ ಮ್ಯಾಲ ಕಾಲಿಟ್ಟು ಅಡ್ಡಾಡತೀರೇನ?"

"ಕಾಣಲಿಲ್ರಿ ಅತ್ತಿ."

"ಕಂಬಳಿ ಕಾಣಂಗಿಲ್ಲ, ಊಟದ ಗಂಗಾಳ ಹೆಂಗ ಕಾಣತೈತಿ? ಮುಟ್ಟು, ಕಣ್ಣಿಗೆ ಒತ್ಗೋ."

ನಮ್ಮವರು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. "ಸುಮ್ನ ಒತ್ಗೊಂಡು ಬಿಡು ಮಾರಾಯ್ತಿ. ಸಣ್ಣಾವಿದ್ದಾಗ ಇದಕ್ಕಂತ ಬಾರಕೋಲಿಲೆ ಏಟ ತಿಂದೇನಿ. ಈಗ ನಿದ್ದ್ಯಾಗ ಕಾಲ ಬಡದ್ರೂ ಕೈ ತಾನ ಹೋಗತೈತಿ."

ಆ ಮಾತು ಅವರು ನಗುತ್ತಲೇ ಆಡಿದ್ದು.

ಅತ್ತೆ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಮ್ಮವರು ಸರಕಾರದ ಗುಪ್ತ ಕೆಲಸದಲ್ಲಿ ಸತ್ತರು ಎಂದು ಊರಿಗೆ ಗೊತ್ತು. ಹೇಗೆ ಸಿಕ್ಕಿಬಿದ್ದರು ಎಂಬುದು ಗೊತ್ತಿಲ್ಲ. ಅತ್ತೆ ಇರುವವರೆಗೆ ಅದು ನನ್ನ ಬಾಯಿಂದ ಬರುವಂತಿರಲಿಲ್ಲ.

ನಮ್ಮವರ ಹೆಸರು ಮಾಳಿಂಗರಾಯ. ಹತ್ತನೇ ತರಗತಿಗೆ ಓದು ನಿಂತಿತು. ಮಾವ ಸತ್ತ ಮೇಲೆ ಕುರಿಯ ಹಿಂಡು ಇವರ ಕೈಗೆ ಬಂತು. ಸುಗ್ಗಿ ಮುಗಿದ ಮೇಲೆ ಊರವರ ಎರೆಹೊಲಗಳಲ್ಲಿ ಕುರಿ ಮಲಗಿಸುವುದು, ಗೊಬ್ಬರಕ್ಕೆ ಬದಲಾಗಿ ಜೋಳ ತರುವುದು. ಹೀಗೇ ನಡೆಯುತ್ತಿತ್ತು. ಧಾರವಾಡದಲ್ಲಿ ಮಿಲಿಟರಿ ಭರ್ತಿ ಆದಾಗ ಯಾರೋ ಗೆಳೆಯರ ಜೊತೆ ನೋಡಲು ಹೋದವರು ಓಡಿ ಪಾಸಾಗಿ ಬಂದರು. ಗೆಳೆಯರು ಫೇಲಾದರು. ಕುರಿಯ ಹಿಂದೆ ಓಡಿದ ಕಾಲು.

ಮಿಲಿಟರಿಯಲ್ಲಿ ಇವರಿಗೆ ಹೇಸರಗತ್ತೆ ನೋಡಿಕೊಳ್ಳುವ ಕೆಲಸ ಕೊಟ್ಟರು. ಉತ್ತರದ ಹಿಮದ ಗುಡ್ಡಗಳಲ್ಲಿ ಲಾರಿ ಹತ್ತದ ಕಡೆ ಹೇಸರಗತ್ತೆಯೇ ಸಾಮಾನು ಹೊರುತ್ತದಂತೆ. ನಮ್ಮ ಮದುವೆ ಆದದ್ದು ಆ ದಿನಗಳಲ್ಲಿ. ಮಗಳು ರೇಷ್ಮಾ ಹುಟ್ಟಿದ್ದೂ ಆಗಲೇ. ರಜೆಗೆ ಬಂದರೆ ಅವ್ವನ ಮುಂದೆ ಕತ್ತೆಯದೇ ಮಾತು.

"ಅವ್ವಾ, ಆ ಕತ್ತಿಗೆ ಸಿಟ್ಟ ಬಂತಂದ್ರ ಕರ್ನಲ್ ಸಾಹೇಬ್ರ ಮಾತೂ ಕೇಳಂಗಿಲ್ಲ."

"ಹಂಗಾರ ನಿನಗ ತಕ್ಕ ಜೋಡಿ ಸಿಕ್ಕೈತಿ ತಗೋ."

ಒಂದು ರಜೆಗೆ ಗಡ್ಡ ಬಿಟ್ಟುಕೊಂಡು ಬಂದರು. ಮಿಲಿಟರಿ ಬಿಟ್ಟೆ, ನಾಗಪುರದಲ್ಲಿ ಸಾಮಾನು ಸಾಗಿಸುವ ಕಂಪನಿ ಸೇರಿದೆ ಎಂದರು. ಊರು ನಕ್ಕಿತು. ಪಿಂಚಣಿ ಬರುವ ನೌಕರಿ ಬಿಟ್ಟು ಲಾರಿ ಆಫೀಸಿಗೆ ಯಾರಾದರೂ ಹೋಗುತ್ತಾರೆಯೇ. ಅತ್ತೆ ಬೈದಳು, ಎರಡು ದಿನ ಮಾತು ಬಿಟ್ಟಳು, ಆಮೇಲೆ ರೊಟ್ಟಿ ಬಡಿದು ಹಾಕಿದಳು.

ಹತ್ತಿ ಬಿಡಿಸುವಾಗ ನಾನು ಕೇಳಿದೆ. "ಖರೇ ಹೇಳ್ರಿ. ಏನ ಕೆಲಸ ಅದು?"

"ಊರಿಗೆ ಹೇಳಿದ್ದ ನಿನಗೂ ಹೇಳೇನಿ. ಅದಕ್ಕಿಂತ ಹೆಚ್ಚ ಕೇಳಬ್ಯಾಡ. ಕೇಳಿದ್ರ ಮತ್ತೊಂದು ಸುಳ್ಳ ಹೇಳಬೇಕಾಕ್ಕೈತಿ. ಈಗ ಒಂದ ಐತಿ. ಸಾಕು."

"ಬ್ಯಾರೆ ಹೆಂಗಸು ಅದಾಳೇನ್ರಿ?"

"ಅದಾಳ. ಈ ಗಡ್ಡ ಅಕೀಗೆ ಭಾಳ ಸೇರತೈತಿ."

ಹತ್ತಿಯ ಹೆಡಿಗೆ ತೆಗೆದು ಬೆನ್ನಿಗೆ ಹೊಡೆದೆ. ಹೊಲದ ತುಂಬ ಓಡಾಡಿಸಿದರು. ನಾವು ನಕ್ಕದ್ದು ಬಾಜು ಹೊಲದವರಿಗೂ ಕೇಳಿಸಿತು.

ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ನಾವೆಲ್ಲ ಹೋದೆವು. ಅವರು ಮುಂದೆ ನಡೆದಿದ್ದರು. ಬುತ್ತಿಯ ಗಂಟು ಅತ್ತೆಯ ಕೈಯಲ್ಲೇ ಉಳಿದಿತ್ತು. "ಮಾಳ್ಯಾ! ಲೇ ಮಾಳ್ಯಾ!" ಎಂದು ಅತ್ತೆ ಕೂಗಿದಳು. ತಿರುಗಲಿಲ್ಲ. ಮತ್ತೆ ಕೂಗಿದಳು. ಬಸ್ಸಿಗೆ ನಿಂತ ಜನವೆಲ್ಲ ತಿರುಗಿ ನೋಡಿತು, ಅವರು ಮಾತ್ರ ತಿರುಗಲಿಲ್ಲ. ಅತ್ತೆ ಓಡಿ ಹೋಗಿ ಅಂಗಿ ಹಿಡಿದು ಎಳೆದಳು.

"ಕಿವಿ ಸತ್ತಾವೇನ್ಲೇ ನಿನ್ನೂ?"

"ಬಸ್ಸಿನ ಸಪ್ಪಳ ಅವ್ವಾ. ಕೇಳಲಿಲ್ಲ."

ಬಸ್ಸು ಇನ್ನೂ ಬಂದೇ ಇರಲಿಲ್ಲ.

ಆಮೇಲೆ ಬಂದ ಬಸ್ಸು ಹತ್ತಿದರು. ಮತ್ತೆ ಮೊರಬದಲ್ಲಿ ಇಳಿಯಲಿಲ್ಲ.

ಹೆಸರುಕಾಯಿ ಬಿಡಿಸುವ ಕಾಲಕ್ಕೆ ಫೋನು ಬಂತು. ಕಂಪನಿಯವರು, ವಿಮೆಯ ಸಹಿ ಬೇಕು, ನವಲಗುಂದಕ್ಕೆ ಒಬ್ಬರೇ ಬನ್ನಿ ಎಂದರು. ಹೋದೆ. ಪ್ರವಾಸಿ ಮಂದಿರದ ಒಂದು ಕೋಣೆಯಲ್ಲಿ ಒಬ್ಬ ಸಾಹೇಬರು, ಒಬ್ಬ ಹೆಣ್ಣು ಅಧಿಕಾರಿ ಬಾಯಿಯವರು ಕೂತಿದ್ದರು. ಸಾಹೇಬರು ಮೈಸೂರು ಕಡೆಯ ಮಾತಿನವರು. ಸುತ್ತು ಹಾಕಲಿಲ್ಲ.

"ಅಮ್ಮ, ನಾವು ಕಂಪನಿಯವರಲ್ಲ. ನಿಮ್ಮ ಯಜಮಾನರು ದೇಶದ ಕೆಲಸದಲ್ಲಿದ್ದರು. ಅವರು ತೀರಿಕೊಂಡಿದ್ದಾರೆ."

ನಾನು ಕೂತ ಕುರ್ಚಿಯ ಕೈ ಹಿಡಿದುಕೊಂಡೆ. ಪ್ಲಾಸ್ಟಿಕ್ ಕುರ್ಚಿ. ಒಂದು ಕಡೆ ಸೀಳಿತ್ತು. ಅದು ಬೆರಳಿಗೆ ಚುಚ್ಚುತ್ತಿತ್ತು.

"ಹೆಣ ಯಾವಾಗ ಕೊಡ್ತೀರಿ?" ಎಂದೆ.

"ಕೊಡಲು ಆಗುವುದಿಲ್ಲ. ಅವರನ್ನು ಅಲ್ಲೇ ಮಣ್ಣು ಮಾಡಿದ್ದಾರೆ. ಬೇರೆ ಹೆಸರಿನಲ್ಲಿ."

ಆಮೇಲೆ ಹೇಳಿದರು. ನಮ್ಮವರನ್ನು ಕೊಂದದ್ದು ಬಾಂಬು ಇಡುವ ಜನ. ಅವರನ್ನು ಹಿಡಿಯಲು ಸರಕಾರದ ಬಳಿ ಮೇಲಿಂದ ನೋಡುವ ಯಂತ್ರವಿತ್ತು, ಫೋನು ಕದ್ದು ಕೇಳುವ ಯಂತ್ರವಿತ್ತು. ಆ ಜನ ಫೋನನ್ನೇ ಬಿಟ್ಟರು. ಉತ್ತರದ ಆ ಗುಡ್ಡಗಳ ಕುರಿಯವರು ಬೇಸಿಗೆಗೆ ಮೇಲೆ, ಚಳಿಗೆ ಕೆಳಗೆ ತಿರುಗಾಡುತ್ತಾರೆ. ಅವರ ಬಾಯಲ್ಲಿ ಮಾತು ಕಳಿಸತೊಡಗಿದರು. ಪಾಪ, ಆ ಕುರಿಯವರಿಗೆ ತಾವು ಒಯ್ಯುವ ಮಾತು ಯಾವುದೆಂದೂ ಗೊತ್ತಿರುತ್ತಿರಲಿಲ್ಲ. ಯಂತ್ರಕ್ಕೆ ಕುರಿ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಅದಕ್ಕೆ ಕುರಿ ಬಲ್ಲ ಮನುಷ್ಯ ಬೇಕಾದ. ಮಿಲಿಟರಿಯಲ್ಲಿ ಹುಡುಕಿದರು. ನಮ್ಮವರು ಸಿಕ್ಕರು. ಆ ಕಡೆಯ ಮಾತು ಕಲಿಸಿದರು, ನಮಾಜು ಕಲಿಸಿದರು, ಹೊಸ ಹೆಸರು ಕೊಟ್ಟರು. ಹಳೆಯ ಹೆಸರು ಕೂಗಿದರೆ ತಿರುಗದಂತೆ ಮಾಡಿದರು. ಹಿಂದಿನಿಂದ ಕೂಗುವುದು, ಮಲಗಿದಾಗ ಕೂಗುವುದು, ತಿರುಗಿದರೆ ಮತ್ತೆ ಮೊದಲಿಂದ.

ನನಗೆ ಬಸ್ ಸ್ಟ್ಯಾಂಡಿನ ಬುತ್ತಿಯ ಗಂಟು ನೆನಪಾಯಿತು.

"ನಾ ಊರಿಗೆ ಹೋಗಿ ಏನ ಹೇಳ್ಲಿ?" ಎಂದೆ.

ಸಾಹೇಬರು ಬಾಯಿಯವರ ಮುಖ ನೋಡಿದರು. ಬಾಯಿಯವರೇ ಹೇಳಿದರು. "ಏನೂ ಹೇಳುವಂತಿಲ್ಲ ಅಕ್ಕಾ. ನಮ್ಮ ಕೆಲಸದ ಇನ್ನೊಬ್ಬರು ಅಲ್ಲೇ ಆ ಜನರ ಒಳಗಿದ್ದಾರೆ. ನಿಮ್ಮ ಯಜಮಾನರನ್ನು ಕೆಲಸಕ್ಕೆ ಇಟ್ಟುಕೊಂಡಂತೆ ಕರೆದೊಯ್ದವರು ಅವರೇ. ಇವನು ಯಾರೋ ನನಗೂ ಗೊತ್ತಿಲ್ಲ, ನನಗೂ ಮೋಸ ಮಾಡಿದ ಎಂದು ಹೇಳಿ ಜೀವ ಉಳಿಸಿಕೊಂಡಿದ್ದಾರೆ. ಆ ಜನ ಸತ್ತವನ ಮೂಲ ಹುಡುಕುತ್ತಿದ್ದಾರೆ. ಎಲ್ಲೋ ಒಂದು ಊರಲ್ಲಿ ಮಾಲೆ ಹಾಕಿದ ಫೋಟೋ ಯಾರಾದರೂ ಮೊಬೈಲಿಗೆ ಹಾಕಿದರೂ ಸಾಕು. ಅವರ ಕೈಗೆ ಹೋಗುತ್ತದೆ. ಆಗ ಅವನನ್ನು ಕರೆತಂದವರು ಯಾರು ಎಂಬ ಪ್ರಶ್ನೆ ಮತ್ತೆ ಬರುತ್ತದೆ."

"ಹಂಗಾರ ಅವರ್ನ ಕರೀರಿ. ಬರ್ಲಿ."

"ಈಗ ಬಂದರೆ ಇಬ್ಬರೂ ಕೂಡಿ ಇದ್ದೆವೆಂದು ಹೇಳಿದಂತೆ. ಮಾಡಿದ ಕೆಲಸವೂ ಹೋಗುತ್ತದೆ. ಬಾಂಬು ಯಾವ ಊರಿಗೆ ಎಂಬುದು ಇನ್ನೂ ತಿಳಿದಿಲ್ಲ."

"ಅವರಿಗೆ ಹೆಂಡ್ತಿ ಅದಾಳೇನ್ರಿ?"

"ಇದ್ದಾರೆ."

"ಮಕ್ಕಳು?"

"ಇಬ್ಬರು."

"ಹಂಗಾರ ಆತು ಬಿಡ್ರಿ," ಎಂದೆ.

ಮುಖ ತೊಳೆಯಲು ಬಚ್ಚಲಿಗೆ ಹೋದೆ. ಹಣೆಯ ಕುಂಕುಮ ಅಳಿಸಿ ಹೋಯಿತು. ಹಾಗೇ ಬಂದೆ. ಬಾಯಿಯವರು ತಮ್ಮ ಹಣೆಯ ಟಿಕಳಿ ಕಿತ್ತು ನನ್ನ ಹಣೆಗೆ ಹಚ್ಚಿದರು. ಅದನ್ನು ಹಚ್ಚಿಕೊಂಡೇ ಬಸ್ಸು ಹತ್ತಿದೆ.

ಮನೆಗೆ ಬಂದಾಗ ಅತ್ತೆ ಹೆಸರುಕಾಯಿ ಬಡಿಯುತ್ತಿದ್ದಳು. "ಏನಂದ್ರು ಕಂಪನ್ಯಾವ್ರು?"

"ಸಹಿ ಮಾಡಸ್ಕೊಂಡ್ರು ಅತ್ತಿ."

"ಮಾಳ್ಯಾ ಹೆಂಗದಾನಂತ?"

"ಆರಾಮ ಅದಾರಂತ್ರಿ."

ಗಂಡ ಸತ್ತದ್ದು ತಿಳಿದ ಮೇಲೆ ಮನೆಯಲ್ಲಿ ಅವರ ಬಗ್ಗೆ ನಾನು ಮೊದಲು ಆಡಿದ ಮಾತು ಅದು.

ಆಮೇಲೆ ಎರಡು ಮಳೆಗಾಲ ಹೋದವು. ಅಳು ಬಂದರೆ ಮೆಣಸಿನಕಾಯಿ ಕುಟ್ಟುತ್ತಿದ್ದೆ. ಒರಳ ಮುಂದೆ ಕೂತರೆ ಕಣ್ಣೀರು ಯಾಕೆಂದು ಯಾರೂ ಕೇಳುವುದಿಲ್ಲ. ಅತ್ತೆಗೇ ಬೇಸರವಾಗಿ, "ಎಷ್ಟ ಖಾರ ಕುಟ್ಟತೀಬೇ, ಊರಿಗೆಲ್ಲ ಹಂಚಾಕಿಯೇನ?" ಎನ್ನುತ್ತಿದ್ದಳು. ರೇಷ್ಮಾ ಅಪ್ಪನಿಗೆ ಫೋನು ಹಚ್ಚು ಎನ್ನುತ್ತಿದ್ದಳು. ಅಲ್ಲಿ ರೇಂಜಿಲ್ಲ ಎನ್ನುತ್ತಿದ್ದೆ. ಅವಳು ಬರಬರುತ್ತ ಕೇಳುವುದು ಬಿಟ್ಟಳು. ಕೇಳುತ್ತಿದ್ದಾಗ ಇದ್ದ ಸಂಕಟಕ್ಕಿಂತ ಬಿಟ್ಟ ಮೇಲಿನದು ಹೆಚ್ಚು.

ನಾಗರ ಪಂಚಮಿಯ ಮುಂದೆ ಬಳೆಗಾರ್ತಿ ಖಾಸಿಂಬಿ ಬಂದಳು. ಊರ ಹೆಂಗಸರ ಕೈಗಳೆಲ್ಲ ಅವಳಿಗೆ ಗೊತ್ತು. ಯಾರದು ಮೆತ್ತಗೆ, ಯಾರದು ಬಿರುಸು ಎಂದು ಕಣ್ಣು ಮುಚ್ಚಿ ಹೇಳುತ್ತಾಳೆ.

"ಬಾ ಅರುಣಕ್ಕಾ. ಈ ಸಲ ಹಸಿರ ಕಡ್ಡಿ ಬಳಿ ತಂದೇನಿ. ನಾಗಪುರದಾವ್ರು ಬಂದು ನೋಡಿದ್ರ ಹೊಳ್ಳಿ ಹೋಗಬಾರ್ದು, ಹಂಗ ಅದಾವ."

ಕೈ ಕೊಟ್ಟೆ. ಬಳೆ ಗೆಣ್ಣಿನವರೆಗೆ ಬಂತು. ಕೈ ಬಿಗಿಯಾಯಿತು. ನಾನು ಮಾಡಲಿಲ್ಲ, ತಾನೇ ಆಯಿತು. ಬಳೆ ಚೂರಾಯಿತು.

"ಒಡೀತು," ಎಂದೆ.

"ಥೂ ನಿನ್ನ! ಒಡೀತು ಅನಬಾರ್ದು, ಹೆಚ್ಚಿತು ಅನಬೇಕು. ನಾ ಹೇಳಿಕೊಡಬೇಕೇನ ನಿನಗ?" ಎಂದಳು. ಮತ್ತೊಂದು ಏರಿಸಲು ನೋಡಿದಳು. ಅದೂ ಹೋಯಿತು. ಖಾಸಿಂಬಿ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಮುಖ ನೋಡಲಿಲ್ಲ. ಆಮೇಲೆ ಎಣ್ಣೆ ಹಚ್ಚಿ ನಿಧಾನವಾಗಿ ಒಂದೊಂದೇ ಏರಿಸಿದಳು. ಅವಳಿಗೆ ಏನು ತಿಳಿಯಿತೋ. ಆ ದಿನದಿಂದ ನಾಗಪುರದ ಚೇಷ್ಟೆ ಮಾಡುವುದನ್ನು ಬಿಟ್ಟಳು.

ಬಾಜು ಮನೆಯ ಬಸುರಿ ಮಲ್ಲಿಕಾಗೆ ಏಳು ತಿಂಗಳಾಗಿ ಕುಬಸ ಮಾಡಿದರು. ಉಡಿ ತುಂಬಲು ಮುತ್ತೈದೆಯರನ್ನು ಕರೆದರು. ಹೊಟ್ಟೆ ನೋವು ಎಂದೆ. ಅತ್ತೆ ಕೇಳಲಿಲ್ಲ. "ಗಂಡ ದೂರ ಇದ್ರ ಏನಾತು, ಮುತ್ತೈದಿ ಹೌದಿಲ್ಲೋ? ಏಳು," ಎಂದು ಕೈ ಹಿಡಿದು ಎಳೆದೊಯ್ದಳು. ಹುಡುಗಿಯ ಉಡಿಗೆ ಅಕ್ಕಿ, ಕೊಬ್ಬರಿ ಹಾಕಿದೆ. ಒಳಗೊಳಗೆ ಬೀರಪ್ಪನಿಗೆ ಹೇಳಿದೆ, ಪಾಪ ಬಂದರೆ ನನಗೆ ಬರಲಿ, ಈ ಕೂಸಿಗೆ ಬೇಡ. ಹೆರಿಗೆ ಆಗುವವರೆಗೆ ನನಗೆ ಅನ್ನ ಇಳಿಯಲಿಲ್ಲ. ಗಂಡು ಕೂಸು ಹುಟ್ಟಿತು. ಏನೂ ಆಗಲಿಲ್ಲ. ಈಗ ನಮ್ಮ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡಾಡುತ್ತದೆ.

ಇದನ್ನೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಇನ್ನೊಂದು ಬಂತು.

ಮೈದುನ ಅಮೋಘಸಿದ್ದಪ್ಪ ಲಾರಿ ಓಡಿಸುತ್ತಾನೆ. ನಮ್ಮವರ ಚಿಕ್ಕಪ್ಪನ ಮಗ. ಉಳ್ಳಾಗಡ್ಡಿ ಹೇರಿಕೊಂಡು ನಾಗಪುರಕ್ಕೆ ಹೋದವನು ಅಣ್ಣನನ್ನು ನೋಡಿ ಬರುತ್ತೇನೆಂದು ಕಂಪನಿಯ ಅಡ್ರೆಸ್ ಹುಡುಕಿ ಹೋದ. ತಿರುಗಿ ಬಂದು ಕಟ್ಟೆಯ ಮೇಲೆ ಕೂತ. ಚಹಾ ಕೊಟ್ಟೆ. ಕುಡಿಯಲಿಲ್ಲ.

"ದೊಡ್ಡವ್ವಾ, ಕಂಪನಿ ಐತಿ. ಅಣ್ಣ ಇಲ್ಲ. ಹೆಸರ ಹೇಳಿದ್ರ ಒಬ್ಬರ ಮಾರಿ ಒಬ್ಬರು ನೋಡ್ತಾರ."

"ಪಗಾರ ಬರಾಕತ್ತೈತೆಲ್ಲಲೇ?" ಎಂದಳು ಅತ್ತೆ.

"ರೊಕ್ಕ ಬರತೈತಿ, ಮನಿಶ್ಯಾ ಇಲ್ಲ. ಇನ್ನೂ ತಿಳೀಲಿಲ್ಲೇನ ನಿನಗ? ಎಲ್ಲೋ ಇನ್ನೊಂದು ಮನಿ ಮಾಡ್ಯಾನ. ವೈನೀ, ನಿಮಗ ಹೇಳಬಾರ್ದು. ಆದ್ರ ಎಷ್ಟ ದಿನ ಮುಚ್ಚಿಡೂದು?"

ಅವನದು ತಪ್ಪಲ್ಲ. ಯಾರಾದರೂ ಹಾಗೇ ತಿಳಿಯುತ್ತಾರೆ.

ಅತ್ತೆ ಎದ್ದು ಅಂಗಳಕ್ಕೆ ಇಳಿದಳು. ಒಂದು ಹಿಡಿ ಮಣ್ಣು ತೆಗೆದು ರಸ್ತೆಯ ಕಡೆ ತೂರಿದಳು.

"ಹೆಂಡ್ತಿ ಮಗಳ್ನ ಬಿಟ್ಟು ಹ್ವಾದಾವ್ನ ಬಾಯಾಗ ಮಣ್ಣ ಬೀಳ್ಲಿ! ಈ ಹೊಟ್ಟೀಲೆ ಹಡದೇನಿ, ಈ ಬಾಯೀಲೆ ಹೇಳತೇನಿ, ಅವ್ನ ಬಾಯಾಗ ಮಣ್ಣ ಬೀಳ್ಲಿ!"

"ಅತ್ತೀ, ಹಂಗ ಅನಬ್ಯಾಡ್ರಿ."

"ಯಾಕ ಅನಬಾರ್ದು? ಇನ್ನೂ ಮಾಯಾ ಐತೇನ ಅವ್ನ ಮ್ಯಾಲ?"

"ಐತ್ರಿ."

ಅತ್ತೆ ನನ್ನ ತಲೆ ಎದೆಗೆ ಒತ್ತಿಕೊಂಡು ಅತ್ತಳು. ನನ್ನ ಸಲುವಾಗಿ ಅತ್ತಳು, ಮಗನ ಸಲುವಾಗಿ ಅಲ್ಲ. ಹೇಳಿಬಿಡಬೇಕು ಎನಿಸಿತು. ಬಾಯಿಯವರೆಗೆ ಬಂತು. ಆಗ ಮುಖ ಕಾಣದ ಆ ಇನ್ನೊಬ್ಬರ ಹೆಂಡತಿ ಕಣ್ಣ ಮುಂದೆ ಬಂದು ನಿಂತಳು. ನುಂಗಿದೆ.

ಅಂದಿನಿಂದ ಅತ್ತೆ ಹಾಲಿನ ಕೆನೆ ನನಗೇ ಹಾಕುತ್ತಿದ್ದಳು. ನನ್ನನ್ನು ಹೊಲಕ್ಕೆ ಕಳಿಸುತ್ತಿರಲಿಲ್ಲ. ಸಂಜೆ ದೀಪ ಹಚ್ಚಿ ಕೈ ಮುಗಿದು, ಆಮೇಲೆ ಬಾಗಿಲಿಗೆ ಬಂದು ಮಗನಿಗೆ ಮಣ್ಣು ಹಾಕುತ್ತಿದ್ದಳು. ದಿನಾ. ನಾನು ಒಳಗೆ ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ಅಲ್ಲಿ ಅವರು ಮಣ್ಣಿನಲ್ಲೇ ಇದ್ದರು.

ಎರಡನೆಯ ಮಳೆಗಾಲ ಮುಗಿದು ಕಡಲೆ ಬಿತ್ತಿ ಆಗಿತ್ತು. ಸಾಹೇಬರ ಫೋನು ಬಂತು.

"ಅಮ್ಮ, ಒಳಗಿದ್ದ ಇನ್ನೊಬ್ಬರು ಹೊರಗೆ ಬಂದರು. ಆ ಜನ ಸಿಕ್ಕರು. ಒಂದು ಊರಿನ ಸಂತೆ ಉಳಿಯಿತು. ಇನ್ನು ನೀವು ಹೇಳಬಹುದು."

"ಯಾವ ಊರ್ರಿ?"

ಹೇಳಲಿಲ್ಲ. ಅದನ್ನು ಮಾತ್ರ ಹೇಳುವಂತಿಲ್ಲ ಎಂದರು. ಈಗಲೂ ಅಣ್ಣಿಗೇರಿ ಸಂತೆಗೆ ಹೋದರೆ ನಾನು ತರಕಾರಿಗಿಂತ ಜನರನ್ನೇ ನೋಡುತ್ತೇನೆ. ಇಂಥದ್ದೇ ಒಂದು ಸಂತೆ.

ಹೇಳಬಹುದು ಎಂದಾಗ ನನಗೆ ಹೇಳಲು ಬಾಯಿ ಬರಲಿಲ್ಲ. ಯಾರು ನಂಬುತ್ತಾರೆ. ಗಂಡನ ಮಾನ ಮುಚ್ಚಲು ಕಥೆ ಕಟ್ಟಿದಳು ಎನ್ನುತ್ತಾರೆ. ಸಾಹೇಬರಿಗೆ ಅದನ್ನೇ ಹೇಳಿದೆ. ವಾರ ಕಳೆದು ಆ ಇನ್ನೊಬ್ಬರೇ ನವಲಗುಂದದ ಬಸ್ಸಿನಿಂದ ಇಳಿದರು. ತೆಳ್ಳಗಿನ ಮನುಷ್ಯ, ಗಡ್ಡ ಅರ್ಧ ಬೆಳ್ಳಗಾಗಿತ್ತು. ಬೀದರ ಕಡೆಯವರು. ಜಹೀರುದ್ದೀನ ಎಂದು ಹೇಳಿದರು. ಅದೂ ಅವರ ಖರೆ ಹೆಸರು ಇರಲಿಕ್ಕಿಲ್ಲ. ನಾನು ಕೇಳಲಿಲ್ಲ.

ನೇರ ಮನೆಗೆ ಕರೆದೊಯ್ಯಲಿಲ್ಲ. ಕುರಿ ಹಟ್ಟಿಯ ಹತ್ತಿರ ಬೇವಿನ ಗಿಡದ ಕೆಳಗೆ ಕೂರಿಸಿ ನೀರು ಕೊಟ್ಟೆ.

"ಮೊದಲ ನನಗ ಹೇಳ್ರಿ," ಎಂದೆ.

ಅವರು ನೆಲ ನೋಡುತ್ತ ಹೇಳಿದರು. ತಾವು ಕುರಿ ವ್ಯಾಪಾರಿ, ನಮ್ಮವರು ಅವರ ಆಳು, ಹಾಗೆ ಇದ್ದರು. ಗುಡ್ಡದ ಮೇಲೆ ಒಬ್ಬ ಮುದುಕನ ಗುಡಿಸಲಿನಲ್ಲಿ ಇಳಿದುಕೊಂಡಿದ್ದರು. ಕುರಿಗೆ ಕೆಮ್ಮು ಬಂದರೆ ಸುತ್ತಿನ ಕುರಿಯವರು ನಮ್ಮವರನ್ನೇ ಕರೆಯುತ್ತಿದ್ದರು.

"ನಮಾಜ ನನಗಿಂತ ಚಂದ ಮಾಡ್ತಿದ್ರು ತಂಗಿ. ನಾ ಚೇಷ್ಟಿ ಮಾಡ್ತಿದ್ದೆ, ಲೇ ಮಾಳ್ಯಾ, ಜನ್ನತ್ತಿನಾಗ ನನಗಿಂತ ಮುಂದ ಕುಂದ್ರಾಂವ ನೀನಽ ಅಂತ. ಇಬ್ಬರಽ ಇದ್ದಾಗ ಮಾತ್ರ."

ಒಂದು ದಿನ ಮಳೆ. ಇವರು ಬಹಳ ದಿನದಿಂದ ಕಾಯುತ್ತಿದ್ದ ಮನುಷ್ಯ ಆ ಗುಡಿಸಲಿಗೆ ತಾನಾಗಿಯೇ ಬಂದ. ಮುದುಕ ಒಲೆಯ ಬಳಿ ಕರಿ ಕಂಬಳಿ ಹಾಸಿ ಕೂರಿಸಿದ. ನಮ್ಮವರು ಚಹಾ ಕೊಡಲು ಎದ್ದರು. ಜಾಗ ಸಣ್ಣದು. ಕಾಲು ಕಂಬಳಿಗೆ ತಗುಲಿತು.

ಜಹೀರುದ್ದೀನ ತಮ್ಮ ಬಲಗೈಯನ್ನು ನೆಲಕ್ಕೆ ಮುಟ್ಟಿಸಿ ಕಣ್ಣಿಗೆ ಒಯ್ದು ತೋರಿಸಿದರು.

"ಹಿಂಗ. ಎಡಗೈಯಾಗ ಚಹಾದ ಗ್ಲಾಸ ಇತ್ತು. ಒಂದ ಹನಿ ಚೆಲ್ಲಲಿಲ್ಲ. ಅವರಿಗೆ ತಾವು ಮಾಡಿದ್ದು ಗೊತ್ತಽ ಇಲ್ಲ. ಆ ಮನಿಶ್ಯಾ ನೋಡಿದ. ನಾನೂ ನೋಡಿದೆ. ಆಂವ ಏನೂ ಅನಲಿಲ್ಲ. ಚಹಾ ಪೂರಾ ಕುಡದ. ಚಲೋ ಆಗೇತಿ ಅಂದ. ಎರಡ ದಿನ ಬಿಟ್ಟು ಕುರಿ ತೋರ್ಸೂದೈತಿ ಅಂತ ಅವರ್ನಷ್ಟ ಕರಕೊಂಡು ಹೋದ್ರು."

ನಾನು ಕೇಳಿಸಿಕೊಂಡೆ. ಹಟ್ಟಿಯಲ್ಲಿ ಒಂದು ಮರಿ ಒದರುತ್ತಿತ್ತು. ಹೆಸರನ್ನು ಬಿಡಿಸಿದ್ದರು. ಮಾತನ್ನು, ದೇವರನ್ನು, ಊರನ್ನು ಬಿಡಿಸಿದ್ದರು. ಅತ್ತೆ ಬಾರಕೋಲಿನಿಂದ ಕಲಿಸಿದ್ದನ್ನು ಬಿಡಿಸಬೇಕೆಂದು ಯಾವ ಸಾಹೇಬರಿಗೂ ಹೊಳೆದಿರಲಿಲ್ಲ.

"ಅಣ್ಣಾರ, ಇದನ್ನ ನಮ್ಮತ್ತಿ ಮುಂದ ಹೇಳಬ್ಯಾಡ್ರಿ," ಎಂದೆ. "ಮತ್ತೇನರ ಹೇಳ್ರಿ. ಇದೊಂದ ಬ್ಯಾಡ."

"ಆತ್ರಿ," ಎಂದರು. ಯಾಕೆ ಎಂದು ಕೇಳಲಿಲ್ಲ. ಸುಳ್ಳಿನಲ್ಲಿ ಬದುಕಿದ ಮನುಷ್ಯ.

ಮನೆಯಲ್ಲಿ ಅತ್ತೆ ಬಂದವರಿಗೆಂದು ಕಂಬಳಿ ಹಾಸಿದಳು. ಅವರು ಚಪ್ಪಲಿ ಹೊರಗೆ ಬಿಟ್ಟು, ಕಂಬಳಿ ಬಿಟ್ಟು, ಬರಿ ನೆಲದ ಮೇಲೆ ಗೋಡೆಗೆ ಒತ್ತಿ ಕೂತರು. ಕಾಲು ಮಡಚಿ ಹಿಂದಕ್ಕೆ ಎಳೆದುಕೊಂಡರು.

"ಕಂಬಳಿ ಮ್ಯಾಲ ಕುಂದ್ರಪಾ."

"ಒಲ್ಲೆರಿ ಅವ್ವಾರ. ಇಲ್ಲೇ ಚಲೋ ಐತಿ."

ಅಮೋಘಸಿದ್ದಪ್ಪನನ್ನೂ ಕರೆಸಿದ್ದೆ. ಜಹೀರುದ್ದೀನ ಎಲ್ಲ ಹೇಳಿದರು, ಆ ಒಂದನ್ನು ಬಿಟ್ಟು. ಗುಡ್ಡದಲ್ಲಿ ನಾಯಿ ಬೊಗಳಿತು, ಕತ್ತಲಲ್ಲಿ ಗುಂಡು ಬಿತ್ತು ಎಂದರು. ನಾನು ಎರಡು ಮಳೆಗಾಲದಿಂದ ಬಲ್ಲೆ ಎಂಬುದನ್ನೂ ಅವರೇ ಹೇಳಿದರು. ತಮ್ಮ ಜೀವ ಉಳಿಯಲಿ ಎಂದು ಈ ತಂಗಿ ಬಾಯಿ ಕಟ್ಟಿಕೊಂಡಿದ್ದಳು ಎಂದರು.

ಅತ್ತೆ ಅಳಲಿಲ್ಲ. ನನ್ನ ಕಡೆ ನೋಡಿದಳು. "ನಾ ದಿನಾ ಬೈತಿದ್ದೆ. ನೀ ಕೇಳ್ತಿದ್ದಿ."

"ಹೌದ್ರಿ."

"ಒಂದ ದಿನಾನೂ ಹೇಳಲಿಲ್ಲ."

"ಇಲ್ರಿ."

ಅಷ್ಟೇ. ಎದ್ದು ಹಿತ್ತಿಲಿಗೆ ಹೋದಳು.

ಅಮೋಘಸಿದ್ದಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. "ವೈನೀ, ಊರೆಲ್ಲಾ ನಾನಽ ಹಬ್ಬಿಸಿದ್ನೆಲ್ಲ," ಎಂದ.

"ಈಗ ಹೋಗಿ ಕುಣಿ ತೋಡು," ಎಂದೆ. ಬೇರೆ ಏನು ಹೇಳಲಿ.

ಹಿರಿಯರು ಹೇಳಿದರು, ದೇಹ ಇಲ್ಲದಿದ್ದರೆ ಅವನ ಮೈ ಮುಟ್ಟಿದ ಕಂಬಳಿ ಇಡಿ ಎಂದು. ಅವರು ಕುರಿ ಕಾಯುವಾಗ ಹೊದೆಯುತ್ತಿದ್ದ ಕಂಬಳಿ ಇತ್ತು. ಒಂದು ಮೂಲೆ ಒಲೆಯ ಕಿಡಿ ಬಿದ್ದು ತೂತಾಗಿತ್ತು. ಮಾವನ ಸಮಾಧಿಯ ಬಾಜು ನಮ್ಮ ಹೊಲದ ಅಂಚಿನಲ್ಲಿ ಅಮೋಘಸಿದ್ದಪ್ಪ ಒಬ್ಬನೇ ಕುಣಿ ತೋಡಿದ. ಯಾರಿಗೂ ಸಲಿಕೆ ಕೊಡಲಿಲ್ಲ.

ನನ್ನ ಬಳೆ ತೆಗೆಯಲು ಮುದುಕಿಯರು ಕಲ್ಲು ತಂದಿದ್ದರು. ಖಾಸಿಂಬಿ ಜನ ಸರಿಸಿಕೊಂಡು ಬಂದಳು.

"ಕಲ್ಲ ಒಗೀರಿ ಅತ್ತಾಗ. ನಾ ಹಾಕಿದ ಬಳಿ, ನಾನಽ ತಗೀತೇನಿ. ಒಡಿಯೂದ ಬ್ಯಾಡ."

ಎಣ್ಣೆ ಹಚ್ಚಿ ಒಂದೊಂದೇ ಇಳಿಸಿದಳು. ಒಂದೂ ಚೂರಾಗಲಿಲ್ಲ. ಈ ಸಲ ನನ್ನ ಕೈ ಬಿಗಿಯಾಗಲಿಲ್ಲ. ಆಗ ನಾನು ಅತ್ತುಬಿಟ್ಟೆ. ಎರಡು ವರ್ಷದ್ದು ಒಮ್ಮೆಲೇ ಬಂತು. ಹಳೆಯ ಸುದ್ದಿಗೆ ಇಷ್ಟು ಅಳುತ್ತಾಳಲ್ಲ ಎಂದು ಯಾರೋ ಅಂದದ್ದು ಕೇಳಿಸಿತು. ಅನ್ನಲಿ.

ಕಂಬಳಿಯನ್ನು ಮಡಚಿ ಅರಿಶಿನದ ಭಂಡಾರ ಹಚ್ಚಿ ಕುಣಿಯಲ್ಲಿ ಇಟ್ಟರು. ರೇಷ್ಮಾ ಮಣ್ಣು ಕೊಟ್ಟಳು. ನಾನು ಕೊಟ್ಟೆ. ಅತ್ತೆಯ ಸರದಿ ಬಂತು. ಅವಳು ಬದುವಿನ ಮೇಲೆ ಕೂತವಳು ಏಳಲಿಲ್ಲ.

"ದೊಡ್ಡವ್ವಾ, ಒಂದ ಹಿಡಿ ಹಾಕು," ಎಂದ ಅಮೋಘಸಿದ್ದಪ್ಪ.

"ನಾ ಒಲ್ಲೆ."

"ಹಡದಾಕಿ ಕೊಡಬೇಕವ್ವಾ."

"ನಾ ಮೊದಲಽ ಹಾಕೇನಿ," ಎಂದಳು. "ದಿನಾ ಹಾಕೇನಿ. ಇನ್ನೆಷ್ಟ ಹಾಕ್ಲಿ ಅವ್ನ ಬಾಯಾಗ?"

ಗಾಳಿಗೆ ಹೊಲದ ದೂಳು ಏಳುತ್ತಿತ್ತು. ಜನರ ಹಿಂದೆ ದೂರ ನಿಂತಿದ್ದ ಜಹೀರುದ್ದೀನ ಮುಂದೆ ಬಂದು ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂತರು.

"ಅವ್ವಾರ, ಅಲ್ಲೆ ನಾನೂ ಮಣ್ಣ ಕೊಟ್ಟೇನ್ರಿ. ಅವರೆಲ್ಲಾ ನನ್ನ ಬಾಯಿ ನೋಡಕೋಂತ ನಿಂತಿದ್ರು. ಬೈಕೋಂತ ಕೊಟ್ಟೆ. ಹರಾಮಿ ಅಂದೆ. ಉಗುಳಿದೆ. ನನ್ನ ಕೂಡ ಒಂದ ಗಂಗಾಳದಾಗ ಉಂಡ ಮನಿಶ್ಯಾಗ ಉಗುಳೇನ್ರಿ. ಗುಡಿಸಲ ಮುದುಕಾ ಒಬ್ಬಾಂವ ಅತ್ತ. ನಾ ಅಳಲಿಲ್ಲ. ಬೈದದ್ದಕ್ಕ ಬದುಕೇನಿ. ಹಿಂತಾ ಕೈಲೆ ಬಿದ್ದ ಮಣ್ಣ ಒಂದಽ ಐತ್ರಿ ಅವ್ರ ಮ್ಯಾಲ. ತಾಯಿ ಕೈಯಿಂದು ಬೇಕ್ರಿ."

ಅತ್ತೆ ಅವರ ಹೆಗಲ ಮೇಲೆ ಕೈ ಊರಿ ಎದ್ದಳು. ಒಂದು ಹಿಡಿ ಎರೆಮಣ್ಣು ತೆಗೆದು ಹೆಂಟೆಯನ್ನು ಬೆರಳಿನಿಂದ ಪುಡಿ ಮಾಡಿದಳು, ಕೂಸಿಗೆ ರೊಟ್ಟಿ ಕಿವುಚುವಂತೆ. ಬಗ್ಗಿ ಕಂಬಳಿಯ ಮೇಲೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು.

"ಮಾಳ್ಯಾ," ಎಂದಳು. "ಬುತ್ತಿ ತಗೋಪಾ."

ಆಮೇಲೆ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಜಹೀರುದ್ದೀನ ಮುಖ ಆ ಕಡೆ ತಿರುಗಿಸಿದರು. ಯಾಕೆಂದು ನನಗೊಬ್ಬಳಿಗೆ ಗೊತ್ತು.

ಅತ್ತೆ ಆಮೇಲೆ ಹೆಚ್ಚು ದಿನ ಇರಲಿಲ್ಲ. ಕೊನೆಕೊನೆಗೆ ಕೇಳುತ್ತಿದ್ದಳು, "ಆ ನಾಯಿ ಯಾಕ ಬೊಗಳಿತಬೇ? ಮಾಳ್ಯಾಗ ಯಾವ ನಾಯೀನೂ ಬೊಗಳತಿರ್ಲಿಲ್ಲ."

"ಆ ಕಡಿ ನಾಯಿ ಬ್ಯಾರೆ ಅತ್ತಿ."

"ಹೌದ. ಬ್ಯಾರೇನ ಇರಬೇಕು."

ಆ ನಾಯಿಯನ್ನು ಬೈಯುತ್ತಲೇ ಹೋದಳು. ಮಗನ ಬಾಜುವೇ ಅವಳನ್ನೂ ಇಟ್ಟೆವು.

ಅವಳು ಹೋದ ಮೇಲೆ ನಾನೊಂದು ನಿಶ್ಚಯ ಮಾಡಿದೆ. ಈ ಮನೆಯಲ್ಲಿ ಇನ್ನು ಯಾರಿಗೂ ಕಂಬಳಿ ಮುಟ್ಟಿ ಕಣ್ಣಿಗೆ ಒತ್ತಿಕೋ ಎಂದು ಹೇಳಬಾರದು. ಕಾಲು ತಗುಲಿದರೆ ತಗುಲಲಿ. ಕಂಬಳಿ ಎಂದರೆ ಉಣ್ಣೆ.

ಮೊನ್ನೆ ರೇಷ್ಮಾ ಹಾಸ್ಟೆಲಿನಿಂದ ಬಂದಳು. ಈಗ ನವಲಗುಂದದಲ್ಲಿ ಕಾಲೇಜು ಓದುತ್ತಾಳೆ. ಕಿವಿಗೆ ಫೋನು ಹಿಡಿದು ಗೆಳತಿಯ ಜೊತೆ ನಗುತ್ತ ಒಳಗೆ ನಡೆದಳು. ಹಾಸಿದ ಕಂಬಳಿಯ ಅಂಚಿಗೆ ಕಾಲು ಬಡಿಯಿತು. ನಾನು ನೋಡಿದೆ. ಸುಮ್ಮನಿದ್ದೆ. ಅವಳು ಮಾತು ನಿಲ್ಲಿಸಲಿಲ್ಲ, ನಗು ನಿಲ್ಲಿಸಲಿಲ್ಲ. ಒಂದು ಕೈಯಲ್ಲಿ ಫೋನು ಹಾಗೇ ಇತ್ತು. ಇನ್ನೊಂದು ಕೈ ಬಗ್ಗಿ ಕಂಬಳಿ ಮುಟ್ಟಿ ಕಣ್ಣಿಗೆ ಹೋಯಿತು.

ನಾನು ಕಲಿಸಿರಲಿಲ್ಲ. ಅಜ್ಜಿ ಕಲಿಸಿದ್ದಳು.

ಒಳಗೆ ಹೋಗಿ ಮೆಣಸಿನಕಾಯಿ ಕುಟ್ಟಿದೆ.